ಮುಳಬಾಗಿಲಿನ ಬೀಗಿತ್ತಿ

ಆ ದಿನಗಳಲ್ಲಿ ನಮ್ಮ ಮುಳಬಾಗಿಲಿನ ಮನೆಗೆ ನೆಂಟರೆಂದರೆ ನಂಗಲಿಯಿಂದಲೋ ಕೋಲಾರದಿಂದಲೋ ಬರುವವರು. ಯಾರನ್ನು ಏನೆಂದು ಕರೆಯಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನನಗೆ ಹತ್ತು ವರ್ಷವಾಗಿದ್ದಾಗ, ಹನಿ ನೀರಾವರಿ ಕಲಿಯಲು ಇಸ್ರೇಲಿಗೆ ಹೋಗಿದ್ದ ಚಿಕ್ಕಪ್ಪ ಅಲ್ಲಿಯ ತಮರ್ ಎಂಬಾಕೆಯನ್ನು ಮದುವೆಯಾಗಿ ಕರೆತಂದ. ಅಜ್ಜಿ ಸೊಸೆಗೆ ಹೊತ್ತುಹೊತ್ತಿಗೆ ಬಡಿಸಿದಳು, ಮಾತಾಡಲಿಲ್ಲ. ಹದಿನೈದು ದಿನ ಹಾಗೇ ಕಳೆಯಿತು.

ತಮರ್ ಚಿಕ್ಕಮ್ಮ ನನಗೆ ಹೀಬ್ರೂ ಭಾಷೆಯ ನೆಂಟಸ್ತಿಕೆಯ ಪದಗಳನ್ನು ಕಲಿಸುತ್ತಿದ್ದಳು. ಅಪ್ಪ ಎಂದರೆ ಅಬ್ಬ, ಅಮ್ಮ ಎಂದರೆ ಇಮ, ಸೊಸೆ ಎಂದರೆ ಕಲಾ. ಒಂದು ಬೆಳಿಗ್ಗೆ ಅಜ್ಜಿ ಉಪ್ಪಿನಕಾಯಿಗೆ ಶ್ರೀನಿವಾಸಪುರದ ಮಾವಿನಕಾಯಿ ಹೆಚ್ಚುತ್ತಿದ್ದಳು. ಹಜಾರದ ತುಂಬ ಸೊನೆಯ ವಾಸನೆ. ನಾನು ಜಂಬದಿಂದ, "ಅಜ್ಜೀ, ಅವರ ಭಾಷೇಲಿ ನೀನು ಸವ್ತಾ" ಎಂದೆ.

"ಎವರೇ ಸವತಿ?" ಕೋಪ ಬಂದರೆ ಅಜ್ಜಿಗೆ ತೆಲುಗೇ ಬಾಯಿಗೆ ಬರುತ್ತಿತ್ತು. "ನಿಮ್ಮ ತಾತ ಹೋಗಿ ಎಂಟು ವರ್ಷ ಆಯ್ತು, ಈಗ ನಂಗೆ ಸವತೀನಾ?"

ಚಿಕ್ಕಪ್ಪ ನಗುತ್ತ, ಸವ್ತಾ ಎಂದರೆ ಅಜ್ಜಿ ಎಂದು ತಾಯಿಗೂ, ಸವತಿ ಎಂದರೇನೆಂದು ಹೆಂಡತಿಗೂ ಹೇಳಿದ. ಅವಳು ಮುಖ ಕೆಂಪಗೆ ಮಾಡಿಕೊಂಡು ಅಜ್ಜಿಯ ಎದುರು ಕೂತು, "ಸವ್ತಾ ಬೇಡ. ಅತ್ತೆ" ಎಂದಳು. ಅಜ್ಜಿ ಮಾವಿನಕಾಯಿಯ ಒಂದು ಹೋಳನ್ನು ಉಪ್ಪಿನಲ್ಲಿ ಅದ್ದಿ ಅವಳ ಕೈಗಿಟ್ಟಳು. ಆಮೇಲೆ ಚಿಕ್ಕಪ್ಪನನ್ನು ಕೇಳಿದಳು:

"ಸೊಸೆ ತಾಯೀನ ಅವ್ರಲ್ಲಿ ಏನಂತಾರೋ?"

"ಮೆಖುತೆನೆತ್."

"ನಮ್ಮ ಬೀಗಿತ್ತಿ ಇದ್ದಂಗೆ. ಇಂಗ್ಲಿಷಲ್ಲಿ?"

"ಅದಕ್ಕೆ ಪದ ಇಲ್ಲಮ್ಮ."

"ಪಾಪ. ಮತ್ತೆ ನಮ್ಮ ಬೀಗಿತ್ತಿ ಯಾಕೆ ಒಂದು ಕಾಗದಾನೂ ಬರೆದಿಲ್ಲ?"

ಚಿಕ್ಕಪ್ಪ ತಡೆದು ಹೇಳಿದ. ಆ ತಾಯಿಗೂ ಮದುವೆ ಒಪ್ಪಿಗೆಯಿರಲಿಲ್ಲ. ಮಗಳೊಂದಿಗೆ ಮಾತು ಬಿಟ್ಟಿದ್ದರು.

ಅಜ್ಜಿ ಕೈ ತೊಳೆದು ಎದ್ದಳು. "ನಡೀರಿ, ಫೋನ್ ಬೂತಿಗೆ."

ಗಾಜಿನ ಬೂತಿನೊಳಗೆ ನಾಲ್ವರೂ ಒತ್ತಿಕೊಂಡು ನಿಂತೆವು. ಆ ಕಡೆ ದನಿ ಕೇಳಿದ್ದೇ ಅಜ್ಜಿ ಕೂಗಿದಳು: "ಮೆಖುತೆನೆತ್! ನಾನು ಮುಳಬಾಗಲಿಂದ. ಹುಡ್ಗಿ ಚೆನ್ನಾಗಿದ್ದಾಳೆ ಕಣಮ್ಮ. ಹದಿನೈದು ದಿನ ನಾನೂ ಮಾತಾಡ್ಸಿರಲಿಲ್ಲ, ತಪ್ಪಾಯ್ತು. ನೀನು ಹಂಗೆ ಮಾಡ್ಬೇಡ."

ಆ ಕಡೆಯವರಿಗೆ ಅರ್ಥವಾದದ್ದು ಮೊದಲ ಪದವೊಂದೇ. ಅಲ್ಲಿಂದ ಅಳು ಕೇಳಿತು. ಅಜ್ಜಿ ರಿಸೀವರನ್ನು ಸೊಸೆಯ ಕೈಗೆ ಕೊಟ್ಟು ಹೊರಗೆ ಬಂದಳು.

ಬೀಗಿತ್ತಿಯರಿಬ್ಬರೂ ಒಬ್ಬರನ್ನೊಬ್ಬರು ಕೊನೆಗೂ ನೋಡಲಿಲ್ಲ. ಹಬ್ಬಗಳಲ್ಲಿ ಫೋನಿನಲ್ಲಿ ತಮ್ಮತಮ್ಮ ಭಾಷೆಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಕೆಲವು ವರ್ಷಗಳ ನಂತರ ಅಲ್ಲಿಂದ ಆ ತಾಯಿಯ ಸಾವಿನ ಸುದ್ದಿ ಬಂತು. "ಬೀಗಿತ್ತಿಗೆ ಸೂತಕ ಇಲ್ಲಮ್ಮ" ಎಂದರು ಪಕ್ಕದ ಮನೆಯ ಪುರೋಹಿತರು. ಅಜ್ಜಿ ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ಒಂದು ಕೊಡ ತಣ್ಣೀರು ಸುರಿದುಕೊಂಡಳು.

ಅಜ್ಜಿಯೂ ಈಗಿಲ್ಲ. ಯಾರು ತೀರಿಕೊಂಡರೆ ಯಾರು ಸ್ನಾನ ಮಾಡಬೇಕೆಂದು ನಾವು ಪುರೋಹಿತರನ್ನೇ ಕೇಳುತ್ತೇವೆ. ಅವರು ಹೇಳಿದಷ್ಟನ್ನು ಮಾಡಿ ಮುಗಿಸುತ್ತೇವೆ.