ಓದದೆ ಒತ್ತುವುದಿಲ್ಲ

ಕಾಪು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಒಬ್ಬರು ಗಿರಾಕಿಗಳಿಗೆ ಮೌಸ್ ಮುಟ್ಟಲು ಬಿಡುತ್ತಿರಲಿಲ್ಲ. ಹೊಸ ಸಿಸ್ಟಮ್ ಹಾಕುವಾಗ ಕನ್ನಡಕ ಹಣೆಗೇರಿಸಿ, ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಅವಸರ ಮಾಡಿದರೆ, "ಓದದೆ ಒತ್ತುವುದಿಲ್ಲ ಮಾರಾಯ್ರೆ," ಎನ್ನುತ್ತಿದ್ದರು.

ಒಂದು ದಿನ ನಾನು ಅಲ್ಲಿ ಕೂತಿದ್ದಾಗ ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸೊಬ್ಬರು ತೀರಿಹೋದ ಗಂಡನ ಕಂಪ್ಯೂಟರ್ ತಂದರು. ಅದು ಆನ್ ಆಗುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ರಿಪೇರಿಯವರು ಅದರೊಳಗಿನ ಫೋಟೋಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಹೊಸ ಸಿಸ್ಟಮ್ ಹಾಕಲು ಕೂತು, "ಭಾಷೆ ಯಾವುದು ಹಾಕುವ, ಬಾಯಮ್ಮ?" ಎಂದು ಕೇಳಿದರು. ಪಟ್ಟಿಯಲ್ಲಿ ಕೊಂಕಣಿ ಉಂಟೆಂದು ತಿಳಿದು ಆಕೆ ಅದನ್ನೇ ಹಾಕಿಸಿದರು. ಬಂದದ್ದು ಹಿಂದಿ ಬರೆಯುವ ದೇವನಾಗರಿ ಲಿಪಿ. ಕೊಂಕಣಿಯನ್ನು ಕನ್ನಡ ಅಕ್ಷರದಲ್ಲೇ ಓದಿ ಬೆಳೆದ ಆಕೆ, "ಇದು ನಮ್ಮದಲ್ಲ," ಎಂದು ಮುಖ ತಿರುಗಿಸಿದರು.

ತುಳು ಮನೆಮಾತಿನ ಇವರಿಗೆ ಕೊಂಕಣಿ ಬಾರದು. ಶಾಲೆಯಲ್ಲಿ ಕಲಿತ ಹಿಂದಿಯ ಬಲದಿಂದ ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಅದು ಕಿವಿಗೆ ಬಿದ್ದದ್ದೇ ಆಕೆ ಪರದೆಯತ್ತ ತಿರುಗಿ ಕೂತರು.

"ನಮ್ಮದೇ," ಎಂದರು.

ಹಾಗೆ ಇವರು ಓದುವುದು, ಆಕೆ ಅರ್ಥ ಹೇಳುವುದು, ಇವರು ಒತ್ತುವುದು ನಡೆಯಿತು.

ಒಂದು ಸಾಲು ಓದಿದಾಗ ಆಕೆ ಅರ್ಥ ಹೇಳುವ ಬದಲು ಗಂಡನ ಕಂಪ್ಯೂಟರಿನ ಮೇಲೆ ಕೈಯಿಟ್ಟರು. ಅಲ್ಲಿ ಬರುವ ಪ್ರಶ್ನೆ ಇವರಿಗೆ ಬಾಯಿಪಾಠ. ಆದರೂ, "ಎಂತ ಕೇಳುತ್ತದೆ, ಬಾಯಮ್ಮ?" ಎಂದು ಕೇಳಿ ಕಾದರು.

"ಹಳೆಯದೆಲ್ಲ ತೆಗೆಯುವುದಾ ಅಂತ."

ಇವರು ಇನ್ನೊಮ್ಮೆ ಓದಲಿಲ್ಲ. ಮೌಸನ್ನು ಮೆಲ್ಲಗೆ ಆಕೆಯ ಕೈಯ ಬಳಿ ಸರಿಸಿ, ಎದ್ದು ಹೋಗಿ ಬಾಗಿಲಲ್ಲಿ ರಸ್ತೆ ನೋಡುತ್ತ ನಿಂತರು.