ಉದುರದ ದಾಳಿಂಬೆ

ಮದರಾಸು ಸರ್ಕಾರದ ಕಾಲ. ಮಡಕಶಿರದ ನಮ್ಮ ಮನೆಯಲ್ಲಿ ಹಲ್ಲು ಬಾರದ ಕೂಸು ತೀರಿಕೊಂಡರೆ ಹಿತ್ತಲಲ್ಲೇ ಮಣ್ಣು ಮಾಡಿ, ಮೇಲೊಂದು ದಾಳಿಂಬೆ ಗಿಡ ನೆಡುತ್ತಿದ್ದರು. ಮೊದಲ ಫಸಲನ್ನು ಯಾರೂ ಕೀಳುವಂತಿಲ್ಲ. ಹಣ್ಣೆಲ್ಲ ತಾನಾಗಿ ಉದುರಿದ ದಿನ ಕೂಸು ತಾಯಿಯನ್ನು ಬಿಟ್ಟುಹೋಯಿತೆಂದು ನಂಬಿಕೆ. ಅಲ್ಲಿಯವರೆಗೆ ಆಕೆ ಹೂ ಮುಡಿಯಬಾರದು.

ಮಲ್ಲಿಗೆಯೆಂದರೆ ಪ್ರಾಣ ಬಿಡುವ ನಮ್ಮ ಅತ್ತಿಗೆ ಕೂಸು ಕಳೆದುಕೊಂಡು ಮೂರು ವರ್ಷ ಕಾದಳು. ಆಷಾಢದ ಗಾಳಿಗೆ ಹಣ್ಣೆಲ್ಲ ಬಿದ್ದವು, ಒಂದು ಮಾತ್ರ ಬೀಳಲಿಲ್ಲ. ಒಣಗಿ ಕಪ್ಪಾಗಿ, ಸಿಪ್ಪೆಯಲ್ಲೊಂದು ತೂತಾಗಿ, ಹಾಗೇ ನೇತಾಡುತ್ತಿತ್ತು.

ಹನ್ನೆರಡು ವರ್ಷದ ನನಗೆ ಬಾಯಿ ಮುಚ್ಚಿಕೊಂಡಿರಲು ಬರುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ತೊಟ್ಟಿಗೂ ಕೊಂಬೆಗೂ ಬಿಳಿ ನೂಲಿನ ಬಿಗಿಯಾದ ಕಟ್ಟು! ಅತ್ತಿಗೆಯದೇ ಕೆಲಸವೆಂದು ಅವ್ವನಿಗೆ ಚಾಡಿ ಹೇಳಿದೆ.

“ಕೂಸಿನ ದಾರಿಗೆ ಅಡ್ಡ ನಿಲ್ತೀಯೇನೇ?” ಎಂದು ಅವ್ವ ಕೂಗಾಡಿದಳು.

“ನಾನು ಕಟ್ಟಿಲ್ಲ ಕಣತ್ತೆ, ನಿಮ್ಮಾಣೆ” ಅಂದ ಅತ್ತಿಗೆ ಹಣ್ಣಿನ ಕಡೆ ತಿರುಗಿ ತನಗೆ ತಾನೇ ಕೇಳಿಕೊಂಡಳು. “ಹಂಗಾರೆ ಯಾರು ಕಟ್ಟಿದ್ದು?”

ಅವಳು ಸುಳ್ಳು ಹೇಳುವವಳಲ್ಲ.

ನಾಲ್ಕನೇ ದಿನ ಎಳೆಬಿಸಿಲಲ್ಲಿ, ಅತ್ತಿಗೆಯೂ ನಾನೂ ನೋಡುತ್ತಿದ್ದಂತೆ, ಆ ತೂತಿನಿಂದ ಏನೋ ತೆವಳಿ ಬಂತು. ಮುದುರಿದ ರೆಕ್ಕೆ ಮೆಲ್ಲಗೆ ಬಿಚ್ಚಿಕೊಂಡಿತು. ಹೊಳೆಯುವ ನೀಲಿ ಬಣ್ಣದ ಪುಟ್ಟ ಚಿಟ್ಟೆ, ಹಿಂದೆ ಕೂದಲೆಳೆಯಂಥ ಬಾಲ. ಬಿಸಿಲು ಕಾಯಿಸಿಕೊಂಡು ಕೋಟೆ ಬೆಟ್ಟದ ಕಡೆ ಹಾರಿತು. “ಹೋಯ್ತು ಕಣೆ” ಎಂದು ಅತ್ತಿಗೆ ಅತ್ತಳು. ಅವತ್ತು ಅವ್ವನೇ ಅವಳಿಗೆ ಮಲ್ಲಿಗೆ ಮುಡಿಸಿದಳು.

ಎಂಟು ದಿನಕ್ಕೆ ಅದೇ ಗಿಡದ ಹೂವಿನ ಮೇಲೆ ಅಂಥದೇ ಚಿಟ್ಟೆ ಬಂದು ಕೂತಿತು. ನೀಲಿ ಇರಲಿಲ್ಲ, ಮಣ್ಣಿನ ಬಣ್ಣ.

“ವಾಪಸ್ ಬಂದೈತೆ. ಮೈಯೆಲ್ಲ ಮಣ್ಣು ನೋಡು” ಎಂದ ಅತ್ತಿಗೆ ಮುಡಿದ ಹೂ ತೆಗೆದು ಗಿಡದ ಬುಡದಲ್ಲಿಟ್ಟಳು. ಮತ್ತೆಂದೂ ಮುಡಿಯಲಿಲ್ಲ.

ಮುಂದೆ ನಾನು ಹಿಂದೂಪುರದ ಶಾಲೆಯಲ್ಲಿ ಟೀಚರಾದೆ. ತೂತು ಬಿದ್ದ ಎಷ್ಟೋ ದಾಳಿಂಬೆ ಕೊಯ್ದು ನೋಡಿದೆ. ಹೂವಿನ ಮೇಲಿಟ್ಟ ಮೊಟ್ಟೆಯೊಡೆದು ಹುಳು ಕಾಯಿಯೊಳಗೆ ಹೊಕ್ಕು ಬೀಜ ತಿನ್ನುತ್ತದೆ. ಟೊಳ್ಳಾದ ಕಾಯಿ ಬೀಳದಿರಲೆಂದು ಹೊರಬಂದು ತನ್ನ ನೂಲಿನಿಂದ ತೊಟ್ಟನ್ನು ಕಟ್ಟಿ, ಒಳಗೇ ಚಿಟ್ಟೆಯಾಗುತ್ತದೆ. ಗಂಡು ನೀಲಿ, ಮೊಟ್ಟೆಯಿಡುವ ಹೆಣ್ಣು ಮಣ್ಣಿನ ಬಣ್ಣ. ಅತ್ತಿಗೆ ಕಂಡದ್ದು ಬೇರೆ ಬೇರೆ ಚಿಟ್ಟೆ!

ಹೇಳಿಬಿಡಬೇಕೆಂದು ಸಂತೋಷದಿಂದ ಊರಿಗೆ ಓಡಿದೆ. ಅತ್ತಿಗೆ ಹಿತ್ತಲಲ್ಲಿದ್ದಳು. ತಲೆ ನರೆತಿತ್ತು. ಗಿಡದ ಒಂದೊಂದೇ ಹಣ್ಣಿನ ತೊಟ್ಟನ್ನು ಬಿಳಿ ನೂಲಿನಿಂದ ಕೊಂಬೆಗೆ ಬಿಗಿಯಾಗಿ ಕಟ್ಟುತ್ತಿದ್ದಳು.

“ಬಾರೆ, ಒಸಿ ಹಿಡ್ಕ. ಒಂದೂ ಉದುರಬಾರ್ದು” ಅಂದಳು.

ನಾನು ನೂಲಿನುಂಡೆ ಹಿಡಿದುಕೊಂಡು ನಿಂತೆ.