ಗಿರಿಜಮ್ಮನವರ ಹೆಸರಿನಲ್ಲಿ ಎರಡು ಹಿಡಿ

ಸಂತಾಪ ನಿರ್ಣಯ ಬರೆಯುವುದರಲ್ಲಿ ನಾನು ನಿಪುಣ. ಹೆಮ್ಮೆಯಿಂದ ಹೇಳುತ್ತಿಲ್ಲ, ಕೆಲವರಿಗೆ ನಶ್ಯ ಅಂಟಿಕೊಂಡಂತೆ ನನಗೆ ಇದು ಅಂಟಿಕೊಂಡಿತು. ಸರ್ಕಾರಿ ಕಚೇರಿಯಲ್ಲಿ ಇದ್ದಷ್ಟು ಕಾಲ ಯಾರೇ ತೀರಿಕೊಳ್ಳಲಿ, ಖಾಲಿ ಹಾಳೆಯೊಂದು ನನ್ನ ಮೇಜಿಗೆ ಬರುತ್ತಿತ್ತು. ಅಗಲಿದವರು ಸರಳ ಸಜ್ಜನಿಕೆಯ ಮೂರ್ತಿಯಾಗಿದ್ದರು, ಅವರ ನಿಧನದಿಂದ ತುಂಬಲಾರದ ನಷ್ಟವಾಗಿದೆ, ದುಃಖ ಭರಿಸುವ ಶಕ್ತಿಯನ್ನು ಭಗವಂತನು ಅವರ ಕುಟುಂಬಕ್ಕೆ ನೀಡಲಿ. ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಬಾಯಿಪಾಠ. ಒಮ್ಮೆ ಆತುರದಲ್ಲಿ, ನಿವೃತ್ತರಾಗುತ್ತಿದ್ದ ಒಬ್ಬರ ಬೀಳ್ಕೊಡುಗೆ ಪತ್ರದಲ್ಲೂ ಭಗವಂತನು ಕುಟುಂಬಕ್ಕೆ ಶಕ್ತಿ ಕೊಡಲಿ ಎಂದು ಬರೆದುಬಿಟ್ಟೆ. ಅವರ ಹೆಂಡತಿ ಅದನ್ನು ಓದಿ, ಬರೆದವರು ತುಂಬ ತಿಳಿದವರು ಎಂದರಂತೆ.

ಆದ್ದರಿಂದ ಗಿರಿಜಮ್ಮನವರು ತೀರಿಕೊಂಡಾಗ, ವಿಜಯನಗರದ ನಮ್ಮ ಬಡಾವಣೆಯ ಸಂಘದ ಅಧ್ಯಕ್ಷ ನಂಜೇಗೌಡರು ನೇರವಾಗಿ ನಮ್ಮ ಮನೆಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. "ಸಾರ್, ಒಂದು ಒಳ್ಳೇ ನಿರ್ಣಯ ಬರ್ಕೊಡಿ. ಓದ್ತಿದ್ರೆ ಜನ ಅಳ್ಬೇಕು" ಎಂದರು. ನಮ್ಮ ಮನೆ ಇರುವ ಜಾಗ ಗೌಡರ ತಂದೆಯ ಕಾಲದಲ್ಲಿ ಅವರ ರಾಗಿ ಹೊಲ. ಅವರು ಕೇಳಿದ್ದನ್ನು ಇಲ್ಲ ಎನ್ನಲು ನನಗೆ ಈಗಲೂ ಸಂಕೋಚ.

ಗಿರಿಜಮ್ಮನವರು ದಾವಣಗೆರೆ ಕಡೆಯವರು. ವಯಸ್ಸು ಎಂಬತ್ತು ದಾಟಿತ್ತು. ಬಹಳ ವರ್ಷಗಳ ಹಿಂದೆ ಗಂಡನನ್ನು ಇಲ್ಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಮಲಗಿಸಿ, ತಾವು ಹೊರಗಿನ ಜಗುಲಿಯಲ್ಲಿ ಬನ್ನು ತಿಂದು ದಿನ ಕಳೆದಿದ್ದರು. ರೋಗಿಗೆ ಆಸ್ಪತ್ರೆಯವರು ಗಂಜಿ ಕೊಡುತ್ತಾರೆ; ಜೊತೆಗೆ ಬಂದವರಿಗೆ ಹಸಿವಿದೆ ಎನ್ನುವುದು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಗಂಡ ಉಳಿಯಲಿಲ್ಲ. ಅವರು ಅದೇ ಆಸ್ಪತ್ರೆಯ ಹಿಂದೆ ಒಂದು ಶೀಟಿನ ಅಡುಗೆಮನೆ ಹಾಕಿಸಿದರು. ರೋಗಿಗಳ ಜೊತೆ ಬಂದವರಿಗೆ ಅಲ್ಲಿ ದಿನವೂ ಮಧ್ಯಾಹ್ನ ಅನ್ನ, ಸಾರು.

ಅನ್ನಕ್ಕೆ ಅಕ್ಕಿ ಎಲ್ಲಿಂದ? ಅವರ ಊರಿನ ಕಡೆ ಎಸರಿಗೆ ಅಕ್ಕಿ ಹಾಕುವ ಮೊದಲು ಒಂದು ಹಿಡಿ ತೆಗೆದು ಮಠಕ್ಕೆಂದು ಬೇರೆ ಇಡುವ ಪದ್ಧತಿ. ಅದನ್ನೇ ನಮ್ಮ ಬಡಾವಣೆಗೆ ತಂದು, ಮನೆಗೊಂದು ಮುಚ್ಚಳದ ಡಬ್ಬಿ ಕೊಟ್ಟರು. ಪ್ರತಿ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಇಮ್ತಿಯಾಜ್ ಎಂಬವರ ಆಟೋದಲ್ಲಿ ಚೀಲಗಳ ನಡುವೆ ಕುಳಿತು ಬರುತ್ತಿದ್ದರು. ಮಂಡಿ ನೋವಿದ್ದರೂ ಪ್ರತಿ ಗೇಟಿನಲ್ಲೂ ತಾವೇ ಇಳಿದು ಬೆಲ್ ಒತ್ತುತ್ತಿದ್ದರು. "ಡಬ್ಬಿ ತುಂಬೈತೇನ್ರೀ?" ಒಂದು ಸಲ ನಾನು ಜಾಣನಂತೆ ಅಂಗಡಿಯಿಂದ ಐದು ಕಿಲೋ ಪೊಟ್ಟಣ ತಂದು ಕೊಟ್ಟೆ. "ಇದನ್ನೂ ಕೊಡ್ರೀ, ಬ್ಯಾಡ ಅನ್ನಲ್ಲ. ಆದ್ರ ನಿಮ್ಮ ಅನ್ನದಾಗಿನ ಹಿಡಿ ಎಲ್ಲೈತಿ?" ಎಂದು ಅಲ್ಲೇ ನಿಂತರು. ನಮ್ಮ ಮನೆಯಾಕೆ ಡಬ್ಬಿ ತಂದು ಕೊಟ್ಟ ಮೇಲೆಯೇ ಕದಲಿದ್ದು.

ಸಂತಾಪ ಸಭೆ ಭರ್ಜರಿಯಾಗಿಯೇ ನಡೆಯಿತು. ರಸ್ತೆಯ ತುದಿಯಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಶ್ರದ್ಧಾಂಜಲಿ ಸಲ್ಲಿಸುವವರ ಹನ್ನೆರಡು ಮುಖಗಳು ನಗುತ್ತಿದ್ದವು. ಮೂಲೆಯಲ್ಲಿ, ಬಸ್ ಪಾಸಿನಿಂದ ತೆಗೆದು ಹಿಗ್ಗಿಸಿದ ಗಿರಿಜಮ್ಮನವರ ಮುಖ ಮಾತ್ರ, ಯಾರದೋ ಸಭೆಗೆ ತಪ್ಪಿ ಬಂದವರಂತೆ ಗಾಬರಿಯಲ್ಲಿತ್ತು. ಸಲಹೆಗಳು ಬಂದವು. ಪಾರ್ಕಿನಲ್ಲಿ ಪ್ರತಿಮೆ ಎಂದರು ಒಬ್ಬರು. ರಸ್ತೆಗೆ ಹೆಸರು ಎಂದರು ಇನ್ನೊಬ್ಬರು. ಅವರ ಸ್ಮರಣಾರ್ಥ ಶಟಲ್ ಪಂದ್ಯಾವಳಿ ನಡೆಸೋಣ, ನೆಟ್ ಹೇಗೂ ಇದೆ ಎಂದರು ಮತ್ತೊಬ್ಬರು. ಕೊನೆಗೆ ನಂಜೇಗೌಡರು ಎದ್ದು, "ಇನ್ಮೇಲೆ ಪ್ರತಿ ಮನೇಲೂ ಒಂದು ಹಿಡಿ ಬದ್ಲು ಎರಡು ಹಿಡಿ ಹಾಕೋಣ, ಅಮ್ಮನ ಹೆಸರಲ್ಲಿ" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸಂತಾಪ ಸಭೆ ಎಂದು ನೆನಪಾಗಿ ನಡುವೆಯೇ ನಿಲ್ಲಿಸಿದರು. ನಾನು ಅದನ್ನೂ ನಿರ್ಣಯಕ್ಕೆ ಸೇರಿಸಿ ಗಂಭೀರವಾಗಿ ಓದಿದೆ. ಒಂದಿಬ್ಬರು ಅತ್ತರು. ನನಗೆ ತೃಪ್ತಿಯಾಯಿತು.

ಆ ತಿಂಗಳ ಕೊನೆಯ ಶನಿವಾರ ದುಃಖದಲ್ಲಿ ಕಳೆಯಿತು. ಮುಂದಿನ ತಿಂಗಳೂ ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ನಮ್ಮ ಮನೆಯಾಕೆ ಡಬ್ಬಿಯನ್ನು ತಂದು ನನ್ನ ಪತ್ರಿಕೆಯ ಮೇಲೆ ಇಟ್ಟಳು.

"ಎರಡು ಹಿಡಿ ಹಾಕಿ ಅಂತ ಬರೆದ್ರಿ. ತಗೊಂಡು ಹೋಗೋರು ಯಾರು ಅಂತ ಬರೆದ್ರಾ?"

"ಅದು ನಿರ್ಣಯದ ವ್ಯಾಪ್ತಿಗೆ ಬರೋದಿಲ್ಲ" ಎಂದೆ.

"ನುಸಿಯ ವ್ಯಾಪ್ತಿಗೆ ಬಂದಿದೆ, ನೋಡಿ."

ನೋಡಿದೆ. ಡಬ್ಬಿ ತುಂಬಿ, ಪಕ್ಕದಲ್ಲೊಂದು ಪಾತ್ರೆಯೂ ತುಂಬಿತ್ತು. ಅಕ್ಕಿಯಲ್ಲಿ ಕಪ್ಪು ನುಸಿಗಳು ನಮ್ಮ ಶ್ರದ್ಧೆಯನ್ನು ನಿಧಾನವಾಗಿ ಮೇಯುತ್ತಿದ್ದವು. ಅಕ್ಕಪಕ್ಕದ ಮನೆಗಳಲ್ಲೂ ಇದೇ ಕಥೆ. ಇಡೀ ಬಡಾವಣೆ ಎರಡೆರಡು ಹಿಡಿ ಗೌರವ ಸಲ್ಲಿಸಿ, ಮುಚ್ಚಳ ಹಾಕಿ ಕುಳಿತಿತ್ತು.

ಆಗ ನನಗೆ ನನ್ನ ಬರವಣಿಗೆಯ ಬಗ್ಗೆಯೇ ಅನುಮಾನ ಬಂತು. ತುಂಬಲಾರದ ನಷ್ಟ ಎಂದು ಜೀವಮಾನವೆಲ್ಲ ಬರೆದೆನಲ್ಲ, ಅದು ಎಂಥ ಉಪಾಯದ ಮಾತು! ತುಂಬಲಾರದು ಎಂದು ಒಮ್ಮೆ ಠರಾಯಿಸಿಬಿಟ್ಟರೆ ತುಂಬುವ ಕೆಲಸದಿಂದ ಎಲ್ಲರಿಗೂ ಬಿಡುಗಡೆ. ಹಳೆಯ ಕಾಲದವರು ಇಷ್ಟು ಜಾಣರಾಗಿರಲಿಲ್ಲ. ದಾನಶಾಸನಗಳನ್ನು ನೋಡಿ. ದಾನಿಯನ್ನು ಹೊಗಳುತ್ತಾರೆ, ನಿಜ. ಆದರೆ ಕೊನೆಗೆ ಕಲ್ಲು ಮುಗಿಯುವುದು ಹೊಗಳಿಕೆಯಲ್ಲಲ್ಲ, ಈ ಧರ್ಮವನ್ನು ನಡೆಸಿಕೊಂಡು ಹೋದವರಿಗೆ ಪುಣ್ಯ, ಕೆಡಿಸಿದವರಿಗೆ ಶಾಪ ಎನ್ನುವಲ್ಲಿ. ಸತ್ತವರ ಗುಣಕ್ಕಿಂತ ಬದುಕಿರುವವರ ಸೋಮಾರಿತನ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಗೇಟಿನ ಮುಂದೆ ಆಟೋ ನಿಂತಿತು. ಇಮ್ತಿಯಾಜ್ ಇಳಿದು ಬಂದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಹಿಂದಿನ ಸೀಟಿನಲ್ಲಿ ಖಾಲಿ ಚೀಲಗಳಿದ್ದವು.

"ಹೋದ ತಿಂಗಳು ಹೆಂಗೋ ನಡೀತು ಸಾರ್. ಸೋಮವಾರಕ್ಕೆ ಅಕ್ಕಿ ಇಲ್ಲ ಅಂತಾವ್ರೆ ಅಡಿಗೆಯವರು. ಒಲೆ ಹಚ್ಚೋದಾ ಬ್ಯಾಡ್ವಾ ಅಂತ ಕೇಳ್ತಾವ್ರೆ. ನಾನೇನು ಹೇಳ್ಲಿ?"

ನಂಜೇಗೌಡರಿಗೆ ಫೋನ್ ಮಾಡಿದೆ. "ಎರಡು ಮೂಟೆ ಈಗ್ಲೇ ಕಳಿಸ್ತೀನಿ ಸಾರ್. ಬೇಕಂದ್ರೆ ನಾಲ್ಕು" ಎಂದರು. ಮನೆಮನೆಗೆ ಬರುತ್ತೀರಾ ಎಂದೆ. ಗೌಡರು ದನಿ ತಗ್ಗಿಸಿದರು. "ಕೊಡೋದು ಬೇರೆ ಸಾರ್. ಗೇಟ್ ಮುಂದೆ ನಿಂತು ಕೇಳೋದಿದ್ಯಲ್ಲ, ನಂಗೆ ಒಂಥರಾ ಆಗುತ್ತೆ. ಸುಳ್ಳು ಯಾಕೆ ಹೇಳ್ಲಿ."

ಗೌಡರು ನಿಜ ಹೇಳಿದ್ದರು. ಕೊಡಲು ನಮ್ಮಲ್ಲಿ ಯಾರಿಗೂ ಕಷ್ಟವಿರಲಿಲ್ಲ. ಕೊಡುವಾಗ ಮೈ ಸ್ವಲ್ಪ ನೆಟ್ಟಗಾಗುತ್ತದೆ, ದನಿ ಮೃದುವಾಗುತ್ತದೆ. ಕೇಳುವ ಕೆಲಸವನ್ನು ಮಾತ್ರ ಒಬ್ಬ ಮುದುಕಿಗೆ ಬಿಟ್ಟು, ಅದಕ್ಕೆ ನಾವು ಭಕ್ತಿ ಎಂದು ಹೆಸರಿಟ್ಟಿದ್ದೆವು. ಅವರು ಹೊತ್ತದ್ದು ಅಕ್ಕಿಯನ್ನಲ್ಲ, ಅಕ್ಕಿಯನ್ನು ಇಮ್ತಿಯಾಜ್ ಹೊರುತ್ತಿದ್ದರು. ಬಡಾವಣೆಯ ಎಲ್ಲರ ನಾಚಿಕೆಯನ್ನು ಅವರೊಬ್ಬರೇ ಹೊತ್ತಿದ್ದರು.

ಚಪ್ಪಲಿ ಹಾಕಿಕೊಂಡೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳಲೋ ಬೇಡವೋ ಎಂದು ಯೋಚಿಸುತ್ತ ಹತ್ತು ನಿಮಿಷ ಕಳೆದೆ. ಕೊನೆಗೆ ಹಾಕಿಕೊಂಡೇ ಹೋದೆ. ನನ್ನನ್ನು ಯಾರೂ ಬೇಡುವವನೆಂದು ತಿಳಿಯದಿರಲಿ ಎಂಬ ದುರಾಸೆ.

ಮೊದಲನೆಯ ಮನೆಯಲ್ಲಿ ಹೊಸದಾಗಿ ಬಾಡಿಗೆಗೆ ಬಂದವರಿದ್ದರು. ಬೆಲ್ ಒತ್ತಿದೆ. ಕಿಟಕಿಯ ಪರದೆ ಸರಿಯಿತು. ನನ್ನನ್ನು, ನನ್ನ ಕೈಯ ಚೀಲವನ್ನು ನೋಡಿದ ದನಿಯೊಂದು, "ಮುಂದೆ ಹೋಗಿ" ಎಂದಿತು. ಪರದೆ ಮುಚ್ಚಿತು. ಇಸ್ತ್ರಿಯಿಂದ ಏನೂ ಪ್ರಯೋಜನವಾಗಲಿಲ್ಲ. ಇಮ್ತಿಯಾಜರ ಕಡೆ ತಿರುಗಿ, "ಅಮ್ಮನಿಗೂ ಹೀಗೆ ಅಂದಿದ್ದರೇನ್ರೀ ಯಾರಾದರೂ?" ಎಂದು ಕೇಳಿದೆ.

"ಪ್ರತಿ ತಿಂಗಳೂ ಸಾರ್" ಎಂದರು ಅವರು. "ಅಮ್ಮ ಬಂದು ಆಟೋದಲ್ಲಿ ಕೂತು, ಒಂದೆರಡು ನಿಮಿಷ ಮಾತಾಡ್ತಿರ್ಲಿಲ್ಲ. ಆಮೇಲೆ, ಹೊಡಿಯಪ್ಪಾ ಗಾಡಿ ಅನ್ನೋರು."

ಇಷ್ಟು ವರ್ಷ ನಗುನಗುತ್ತಲೇ ನಮ್ಮ ಗೇಟಿಗೆ ಬಂದವರು ಅದನ್ನು ಒಂದು ಸಲವೂ ಹೇಳಿರಲಿಲ್ಲ. ನನ್ನ ನಿರ್ಣಯದಲ್ಲೂ ಅದು ಇರಲಿಲ್ಲ.

ಎರಡನೆಯ ಮನೆಯಲ್ಲಿ ಬಾಗಿಲು ತೆರೆದ ಹೆಂಗಸು ನನ್ನನ್ನು ನೋಡಿದ ಕೂಡಲೇ ಜಗಳಕ್ಕೇ ಬಂದರು. "ಏನ್ ಸಾರ್ ನೀವು! ಎರಡು ತಿಂಗಳಿಂದ ಯಾರೂ ಬರ್ಲಿಲ್ವಲ್ಲ? ಅಕ್ಕಿಗೆಲ್ಲ ಹುಳ ಬೀಳ್ತಾ ಇದೆ. ನಿಂತ್ಕೊಳ್ಳಿ, ಕೇರಿ ತರ್ತೀನಿ." ಒಳಗೆ ಮೊರದ ಸದ್ದು ಕೇಳಿಸಿತು. ಹರೆಯದ ಮಗಳ ಕೈಗೊಂದು ಪಾತ್ರೆ ಕೊಟ್ಟು, ತಾವೊಂದು ಹಿಡಿದು ಹೊರಗೆ ಬಂದರು. ನಾನು ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದನ್ನು ಎದೆಯ ಹತ್ತಿರ ತಂದು ವಿನಯದಿಂದ ನಮಸ್ಕಾರದ ಅರ್ಧಭಾಗ ಮಾಡಲು ಹೊರಟೆ. ಅಕ್ಕಿ ಅರ್ಧ ಚೀಲಕ್ಕೆ, ಅರ್ಧ ಮೆಟ್ಟಿಲಿಗೆ ಬಿತ್ತು.

"ಎರಡೂ ಕೈಲಿ ಹಿಡೀರಿ ಸಾರ್, ಚೀಲದ ಬಾಯಿ ಅಗಲ ಮಾಡಿ" ಎಂದರು ಇಮ್ತಿಯಾಜ್.

ಹಿಡಿದೆ. ಎರಡೂ ಕೈಯಲ್ಲಿ ಚೀಲ ಹಿಡಿದವನಿಗೆ ಕೈ ಮುಗಿಯಲು ಬರುವುದಿಲ್ಲ. ಗಿರಿಜಮ್ಮನವರು ಅದಕ್ಕೆ ಬೇಸರ ಮಾಡಿಕೊಳ್ಳುತ್ತಾರೆಂದು ನನಗೆ ಅನ್ನಿಸಲಿಲ್ಲ.